ವಾರಸುದಾರರಿಲ್ಲದ ಚೀಲ

“ಮೇಜು ಖಾಲಿಯಿದ್ರೆ ತಲೆ ಹಗುರ. ಇಷ್ಟೇ ರಹಸ್ಯ,” ಎಂದಳು ಟಿಕೆಟ್ ಕೌಂಟರಿನ ಅಕ್ಕ, ಕಾಗದದ ರಾಶಿಯ ಆಚೆಯಿಂದ ಇಣುಕುತ್ತ.

ರಾಶಿಯ ಈಚೆಗಿದ್ದವನು ಕೊಡೆರಾಯ. ಹಳದಿ ಬಸ್ಸಿನ ಕಂಪನಿಯಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳ ವಿಭಾಗಕ್ಕೆ ಅವನೊಬ್ಬನೇ ಗುಮಾಸ್ತ, ಅವನೊಬ್ಬನೇ ಜವಾನ, ಬೈಸಿಕೊಳ್ಳುವುದಕ್ಕೂ ಅವನೊಬ್ಬನೇ. ಮರೆತ ಸಾಮಾನಿನಲ್ಲಿ ಅರ್ಧಕ್ಕರ್ಧ ಕೊಡೆಗಳೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಒಂದು ಕೊಡೆಗೆ ಮೂರು ಪ್ರತಿ ಫಾರಂ, ಒಂದು ಚೀಟಿ, ರಿಜಿಸ್ಟರಿನಲ್ಲಿ ಒಂದು ಸಾಲು. ಒಂಟಿ ಚಪ್ಪಲಿಗೂ ಅಷ್ಟೇ ಮರ್ಯಾದೆ. ಜನ ಮರೆಯುವ ವೇಗಕ್ಕೆ ಇವನ ಪೆನ್ನು ಓಡುತ್ತಿರಲಿಲ್ಲ. ಹಾಗಾಗಿ ಮೇಜಿನ ಮೇಲೆ ಫಾರಮ್ಮು, ದೂರು, ಸುತ್ತೋಲೆಗಳು ಎದ್ದು ನಿಂತು, ಅವನ ಮುಖ ನೋಡಬೇಕೆಂದರೆ ಜನ ಪಕ್ಕದಿಂದ ಬರಬೇಕಾಗಿತ್ತು.

ಅವತ್ತು ಬೆಳಿಗ್ಗೆ ಮೇಲಧಿಕಾರಿ ಬಾಗಿಲಲ್ಲೇ ನಿಂತು ಹೇಳಿಹೋಗಿದ್ದರು: ಸಂಜೆ ಐದಕ್ಕೆ ಬರುತ್ತೇನೆ, ಮೇಜು ಖಾಲಿಯಿದ್ದರೆ ನಾಳೆಯಿಂದ ಹತ್ತು ದಿನ ರಜೆ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ. ಎರಡು ವರ್ಷದಿಂದ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಹೇಳುತ್ತ ಬಂದವನು ಅವನು. ಈ ಸಲ ಅವಳು ತನ್ನ ಅಣ್ಣ ಅತ್ತಿಗೆಯರನ್ನೂ ಸೇರಿಸಿಕೊಂಡು ಪೆಟ್ಟಿಗೆ ಕಟ್ಟಿಟ್ಟಿದ್ದಳು. “ನೀವು ಬಂದ್ರೆ ನಾಲ್ಕು ಜನ, ಬರದಿದ್ರೆ ಮೂರು ಜನ. ಟ್ರೇನು ಮಾತ್ರ ಬೆಳಿಗ್ಗೆ ಆರಕ್ಕೇ ಹೊರಡುತ್ತೆ,” ಎಂದಿದ್ದಳು, ಹವಾಮಾನ ವರದಿ ಓದುವವಳ ಹಾಗೆ.

ಸಲಹೆ ಕೊಡುವವರಿಗೇನೂ ಬರವಿರಲಿಲ್ಲ. ಕ್ಯಾಷಿಯರು ಆಳವಾಗಿ ಉಸಿರೆಳೆದುಕೋ ಎಂದ. ಎಳೆದುಕೊಂಡರೆ ಹಳೇ ಚಪ್ಪಲಿಗಳ ವಾಸನೆ ಬಂದು ಕೆಮ್ಮು ಹತ್ತಿತು. ಗ್ಯಾರೇಜಿನ ಮೇಸ್ತ್ರಿ ಮಾಡಬೇಕಾದ ಕೆಲಸಗಳದೊಂದು ಪಟ್ಟಿ ಮಾಡು ಎಂದ. ಪಟ್ಟಿ ಎರಡು ಹಾಳೆ ಆಗಿ, ಅದೂ ಹೋಗಿ ರಾಶಿ ಸೇರಿತು. ಉಳಿದದ್ದು ಅಕ್ಕನ ರಹಸ್ಯವೊಂದೇ.

ಊಟದ ಹೊತ್ತಿಗೆ ಕೋಣೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಮೂರು ವರ್ಷದಿಂದ ಯಾರೂ ಕೇಳದ ನೀಲಿ ಚೀಲವೊಂದನ್ನು ಕಪಾಟಿನಿಂದ ಎಳೆದು, ಮೇಜಿನ ಮೇಲಿದ್ದುದನ್ನೆಲ್ಲ ಎರಡೂ ಕೈಯಿಂದ ಬಾಚಿ ತುಂಬಿದ. ಏನಿದೆ ಏನಿಲ್ಲ ಎಂದು ನೋಡಲು ಹೋಗಲಿಲ್ಲ. ನೋಡಿದರೆ ಓದಬೇಕಾಗುತ್ತದೆ, ಓದಿದರೆ ಬರೆಯಬೇಕಾಗುತ್ತದೆ.

ಅವನೇನು ದಡ್ಡನಲ್ಲ. ಹಳದಿ ಬಸ್ಸಿನಲ್ಲಿ ಬಿಟ್ಟರೆ ಚೀಲ ಸುತ್ತಿ ಬಳಸಿ ತನ್ನ ಕೊರಳಿಗೇ ಬಂದು ಬೀಳುತ್ತದೆಂದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ರಸ್ತೆ ದಾಟಿ, ಎದುರಾಳಿ ಕಂಪನಿಯ ಹಸಿರು ಬಸ್ಸು ಹತ್ತಿದ. ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಮುಂದಿನ ನಿಲ್ದಾಣದಲ್ಲಿ ಇಳಿದ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನಿಗೆ ಧೊಪ್ಪನೆ ಏನೋ ಬಡಿಯಿತು. ಕಿಟಕಿಯಿಂದ ಅಜ್ಜಿಯೊಬ್ಬಳು ಕೂಗುತ್ತಿದ್ದಳು: “ನೋಡ್ಕೊಂಡು ಇಳೀಬಾರ್ದೇನಪ್ಪ? ನಾನು ನೋಡಿದ್ದಕ್ಕೆ ಸರಿಹೋಯ್ತು.”

ಎರಡನೇ ಬಸ್ಸಿನಲ್ಲಿ ಕಂಡಕ್ಟರು ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿದ. ಕೆಳಗಿಳಿದು ಬಂದು ಚೀಲ ಕೈಗಿಟ್ಟು, ನಿಮ್ಮಂಥವರಿಂದ ಎಷ್ಟು ಜನಕ್ಕೆ ತೊಂದರೆ ಗೊತ್ತೇ ಎಂದು ಶುರುಮಾಡಿದ. ಕೊಡೆರಾಯ ದಿನಾ ತನ್ನ ಕಿಟಕಿಯಲ್ಲಿ ಜನಕ್ಕೆ ಹೇಳುವ ಭಾಷಣವೇ ಅದು, ಒಂದು ಮಾತೂ ಬಿಟ್ಟಿರಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ನಲವತ್ತು ಮುಖಗಳು ತಲೆದೂಗಿದವು.

ಮೂರನೇ ಬಸ್ಸಿನಲ್ಲಿ ಕಟ್ಟಕಡೆಯ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವನ ಕಾಲ ಬಳಿ ಚೀಲವಿಟ್ಟು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಧುಮುಕಿ ಕಾಲಿಗೆ ಬುದ್ಧಿ ಹೇಳಿದ. ಈ ಸಲ ಯಾರೂ ಕೂಗಲಿಲ್ಲ. ಹಿಂದಿರುಗುವಾಗ, ಹೊಸ ಬೂಟು ಕಳಚಿದವನ ಹಾಗೆ ಬೆರಳು ಬೆರಳಿಗೂ ಸುಖವೆನಿಸಿತು. ಜನರ ದೂರುಗಳ ನೆನಪಾಗಿ ಮನಸ್ಸು ಒಮ್ಮೆ ಚುರುಕ್ಕೆಂದಿತು. ಮರೆಯುವವರು ಮತ್ತೆ ಮರೆಯುತ್ತಾರೆ, ಮತ್ತೆ ದೂರು ಕೊಡುತ್ತಾರೆ ಎಂದು ಅದನ್ನೂ ಸುಮ್ಮನಾಗಿಸಿದ.

ಸರಿಯಾಗಿ ಐದಕ್ಕೆ ಮೇಲಧಿಕಾರಿ ಬಂದರು. ಮೇಜಿನ ಮೇಲೆ ಬೆರಳಾಡಿಸಿ, ಅದರ ಬಣ್ಣ ಕಂದು ಎಂದು ಈಗಲೇ ಗೊತ್ತಾದದ್ದು ಎಂದರು. ರಜೆ ಅರ್ಜಿ ಕೊಡಿ, ಸಹಿ ಹಾಕುತ್ತೇನೆ ಎಂದು ಪೆನ್ನನ್ನೂ ತೆಗೆದರು.

ಕೊಡೆರಾಯ ಎಡದ ಡ್ರಾಯರು ಎಳೆದ, ಬಲದ್ದು ಎಳೆದ. ಹತ್ತು ದಿನದ ಹಿಂದೆಯೇ ಬರೆದು ಮೇಜಿನ ಮೇಲಿಟ್ಟಿದ್ದ ಅರ್ಜಿ ಆಗ ನೆನಪಾಯಿತು. ಒಂದು ನಿಮಿಷ ಸಾರ್, ಬೇರೆ ಬರೆದೇ ಕೊಡ್ತೀನಿ ಎಂದು ಹಾಳೆ ಎಳೆದುಕೊಂಡ. ‘ಮಾನ್ಯರೇ’ ಎಂದು ಬರೆಯುವಷ್ಟರಲ್ಲಿ ಬಾಗಿಲಲ್ಲಿ ಚಕ್ರದ ಸದ್ದಾಯಿತು. ಹಸಿರು ಸಮವಸ್ತ್ರದವನೊಬ್ಬ ತುಂಬಿದ ತಳ್ಳುಗಾಡಿಯೊಂದನ್ನು ಒಳಗೆ ನೂಕಿದ.

“ಬಂದ್ರಾ, ಬನ್ನಿ,” ಎಂದರು ಮೇಲಧಿಕಾರಿ. “ಹೊಸ ಒಪ್ಪಂದದ ಪ್ರಕಾರ ಇವತ್ತಿಂದ ಹಸಿರು ಬಸ್ಸಿನಲ್ಲಿ ಮರೆತ ಸಾಮಾನೂ ನಮಗೇ ಸೇರ್ತದಲ್ಲ. ಹದಿನೈದು ದಿನದ ಹಿಂದೇ ಸುತ್ತೋಲೆ ಕಳಿಸಿದ್ದೆ, ಓದಿರ್ತೀರಿ.”

“ಓದಿದೀನಿ ಸಾರ್,” ಎಂದ ಕೊಡೆರಾಯ. ಅವನ ಕಣ್ಣು ಗಾಡಿಯ ತುದಿಯಲ್ಲಿದ್ದ ನೀಲಿ ಚೀಲದ ಮೇಲಿತ್ತು.

ಹಸಿರು ಸಮವಸ್ತ್ರದವನು ಚೀಲವನ್ನೆತ್ತಿ ಖಾಲಿ ಮೇಜಿನ ನಟ್ಟನಡುವೆ ಇಟ್ಟ. “ನಮ್ಮ ಡಿಪೋದಲ್ಲೆಲ್ಲ ಇದರದ್ದೇ ಮಾತು ಸಾರ್. ಇದರ ಯಜಮಾನ ಇವತ್ತೊಂದೇ ದಿನ ಮೂರು ಸಲ ಮರೆತನಂತೆ.”

“ಪಾಪ,” ಎಂದರು ಮೇಲಧಿಕಾರಿ, ಪೆನ್ನನ್ನು ಜೇಬಿಗೆ ಸಿಕ್ಕಿಸುತ್ತ. “ಕೆಲಸದ ಒತ್ತಡ ಇರ್ಬೇಕು. ಎಲ್ಲರೂ ನಿಮ್ಮ ಹಾಗೆ ನಿಭಾಯಿಸ್ತಾರಾ? ಒಳಗಿರೋ ಒಂದೊಂದು ಕಾಗದಕ್ಕೂ ಬೇರೆ ಬೇರೆ ನಮೂದು, ನಿಯಮ ಗೊತ್ತಲ್ಲ. ಇದನ್ನ ಮುಗಿಸಿ ಹಾಯಾಗಿ ರಜೆ ಹಾಕಿ. ಅಂದಹಾಗೆ, ಚೀಲ ಯಾರದ್ದಿರಬಹುದು, ಏನಾದ್ರೂ ಅಂದಾಜಿದೆಯಾ?”

“ಇಲ್ಲ ಸಾರ್,” ಎಂದ ಕೊಡೆರಾಯ.

ಅವರಿಬ್ಬರೂ ಹೋದ ಮೇಲೆ ಅವನು ಚೀಲದ ಬಾಯಿ ಬಿಚ್ಚಿ ಮೇಲಿನ ಹಾಳೆ ತೆಗೆದ. ಅವನದೇ ಕೈಬರಹ, ಅವನದೇ ರಜೆ ಅರ್ಜಿ. ಆಮೇಲೆ ಮೂರು ಫಾರಮ್ಮುಗಳ ನಡುವೆ ಕಾರ್ಬನ್ನು ಸೇರಿಸಿ ಬರೆದ: ಸಂಖ್ಯೆ ಒಂದು, ಅರ್ಜಿ, ವಾರಸುದಾರರು ಪತ್ತೆಯಿಲ್ಲ.