ಪುಡಿಗೆ ಸಿಟ್ಟು ಬರುವ ಶಾಖ

ನನ್ನ ಕೆಲಸದಲ್ಲಿ ನಗುವಂಥದ್ದು ಏನೂ ಇಲ್ಲ. ಯಾದಗಿರಿ ಊರಾಚೆಯ ಒಂದು ಸಣ್ಣ ಪ್ರಯೋಗಾಲಯ. ಕಾರ್ಖಾನೆಗಳು ಕಳಿಸುವ ರಾಸಾಯನಿಕ ಪುಡಿಗಳನ್ನು ಬಿಸಿ ಮಾಡಿ, ಎಷ್ಟು ಶಾಖ ತಡೆಯುತ್ತವೆ, ಯಾವಾಗ ಕೆಡುತ್ತವೆ, ಯಾವಾಗ ಸಿಡಿಯುತ್ತವೆ ಎಂದು ನೋಡುತ್ತೇವೆ. ಅದನ್ನು ನೋಡಿ ಡ್ರಮ್ಮಿಗೆ ಯಾವ ಅಪಾಯದ ಚೀಟಿ ಅಂಟಿಸಬೇಕೆಂದು ಹೇಳುತ್ತೇವೆ. ಪುಡಿಗಳು ಸಾಮಾನ್ಯವಾಗಿ ಶಿಸ್ತಿನಿಂದ ಇರುತ್ತವೆ. ಸುತ್ತಲಿನ ಮನುಷ್ಯರು ಹಾಗಿರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಏನಾದರೊಂದು ಆಗುತ್ತದೆ.

ಒಗ್ಗರಣೆ

ಕೆಲಸದ ಪತ್ರ ಬಂದ ದಿನ ಸುರಪುರದ ಮನೆಯಲ್ಲಿ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಹಾಕಿದಳು: “ಸಿಡೀತದೋ ಇಲ್ಲೋ ಅಂತ ನೋಡಾಕ ನೀ ಅದರ ಮುಂದ ನಿಂದರ್ತೀ?”

ಎರಡು ದಿನ ಮಾತು ಬಿಟ್ಟಳು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಇರುವವಳು ನಾನೊಬ್ಬಳೇ. ಮೂರನೆಯ ದಿನ ಫೋಟೊ ತೋರಿಸಿದೆ. ಅಂಗಿ ಗುಂಡಿಗಿಂತ ಸಣ್ಣದಾದ ಅಲ್ಯೂಮಿನಿಯಂ ಬಟ್ಟಲು, ಅದರಲ್ಲಿ ಎರಡು ಸಾಸಿವೆ ಕಾಳಿನಷ್ಟು ಪುಡಿ. “ಮೊದಲನೇ ಪರೀಕ್ಷಾಕ್ಕ ಇಷ್ಟೇ ಅವ್ವಾ,” ಎಂದೆ.

ಅವ್ವ ಫೋಟೊವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. “ಇಷ್ಟು ಸಿಡಸಾಕ ಎಂ.ಎಸ್ಸಿ. ಓದಿದೇನು? ನಾ ದಿನಾ ಒಗ್ಗರಣಿಗೆ ಇದಕ್ಕಿಂತ ಜಾಸ್ತಿ ಸಿಡಸ್ತೀನಿ!”

ಆರನೇ ದಿನ

ನಮ್ಮಲ್ಲಿ ಒಬ್ಬ ಹಿರಿಯ ಸಹಾಯಕರಿದ್ದಾರೆ, ಗುರುಮಠಕಲ್ ಕಡೆಯವರು. ಎಲ್ಲರೂ ಮಾಮಾ ಎನ್ನುತ್ತೇವೆ. ಒಂದು ಪರೀಕ್ಷೆಯಲ್ಲಿ ಪುಡಿಯನ್ನು ಚಹಾದ ಥರ್ಮಾಸಿನಂಥ ಪಾತ್ರೆಗೆ ತುಂಬಿ, ಬಿಸಿ ಪೆಟ್ಟಿಗೆಯೊಳಗೆ ಏಳು ದಿನ ಇಡಬೇಕು. ಪುಡಿಯ ಶಾಖ ಪೆಟ್ಟಿಗೆಯ ಶಾಖಕ್ಕಿಂತ ಆರು ಡಿಗ್ರಿ ಹೆಚ್ಚಾಯಿತೋ, ಪುಡಿ ಫೇಲು. ಕಂಪ್ಯೂಟರು ತಾನೇ ಬರೆದುಕೊಳ್ಳುತ್ತದೆ. ಆದರೂ ಮಾಮಾ ತಾಸಿಗೊಮ್ಮೆ ಬಂದು, ಆಸ್ಪತ್ರೆಯಲ್ಲಿ ನಮ್ಮವರನ್ನು ನೋಡಿಹೋಗುವ ಹಾಗೆ ನೋಡಿಹೋಗುತ್ತಾರೆ.

ಒಮ್ಮೆ ಆರನೇ ದಿನ ಶಾಖ ಏರತೊಡಗಿತು. ಮೂರು ಡಿಗ್ರಿ, ನಾಲ್ಕು, ಐದು. ಪ್ರಯೋಗಾಲಯದ ಸಾಹೇಬರು ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಹೊರಗಿನ ಕಂಪ್ಯೂಟರಿನ ಮುಂದೆ ನಿಂತೆವು. ಮಾಮಾ ಮಾತ್ರ ಬಾಗಿಲ ಗಾಜಿಗೆ ಹಣೆ ಹಚ್ಚಿ ಏನೋ ಪಿಸುಗುಟ್ಟುತ್ತಿದ್ದರು. ಐದಕ್ಕೆ ಬಂದ ಶಾಖದ ಗೆರೆ ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು.

ಸಾಹೇಬರು ಬೆವರು ಒರೆಸಿಕೊಂಡು ಕೇಳಿದರು: “ಮಾಮಾ, ಅದಕ್ಕ ಏನ್ ಹೇಳಿದ್ರಿ?”

“ಸುಮ್ನಿರಪ್ಪ, ಇನ್ನೊಂದೇ ದಿನ ಅದ ಅಂದೆ ಸರ್. ಮದಲ ಕನ್ನಡದಾಗ ಹೇಳಿದೆ, ಕೇಳಲಿಲ್ಲ. ಆಮ್ಯಾಲ ಹೊಳೀತು, ಮಾಲು ಹೈದರಾಬಾದಿಂದು. ತೆಲುಗಿನ್ಯಾಗ ಹೇಳಿದೆ, ತಣ್ಣಗಾತು.”

ಬೆಂಕಿ ಚೀಟಿ

ಮದುವೆಯಾಗಿ ಶಹಾಪುರಕ್ಕೆ ಬಂದ ಹೊಸತರಲ್ಲಿ ಅತ್ತೆ ನನ್ನ ಚೀಲದಲ್ಲಿದ್ದ ಬೆಂಕಿ ಚಿತ್ರದ ಚೀಟಿ ನೋಡಿ ಏನೆಂದು ಕೇಳಿದರು.

“ಇದು ಹಚ್ಚಿದ ಮಾಲು ಜಲ್ದಿ ಬಿಸಿ ಆಗ್ತದ್ರಿ ಅತ್ತಿ. ಸುಮ್ನ ಕೆಣಕಬಾರದು.”

“ಒಂದು ನನಗ ಕೊಡು,” ಎಂದು ಇಸಿದುಕೊಂಡರು.

ಮರುದಿನ ಅದು ಮಾವನವರ ಕುರ್ಚಿಯ ಬೆನ್ನಿಗಿತ್ತು. ಮಾವ ನಿವೃತ್ತ ಹೆಡ್‌ಮಾಸ್ತರು. ಬಂದವರೆಲ್ಲ ಅದನ್ನು ಕಂಡು ನಗು ನುಂಗಿಕೊಂಡು ಹೋದರು. ಸಂಜೆ ಅವರ ಕಣ್ಣಿಗೇ ಬಿತ್ತು. “ಯಾರು ಹಚ್ಚಿದ್ದು ಇದನ್ನ?” ಎಂದು ಗುಡುಗಿದ ಸದ್ದಿಗೆ ಅಂಗಳದ ಗುಬ್ಬಿಗಳು ಹಾರಿದವು.

ಅತ್ತೆ ಅಡುಗೆಮನೆಯಿಂದಲೇ ನನ್ನನ್ನು ಕೂಗಿದರು: “ಬರಕೋ ಮಗಳ, ಪರೀಕ್ಷಾ ಮುಗೀತು!”

ಬಸ್ಸಿನಲ್ಲಿ

ಶಹಾಪುರದಿಂದ ಯಾದಗಿರಿಗೆ ದಿನಾ ಬಸ್ಸಿನಲ್ಲೇ ಹೋಗುತ್ತೇನೆ. ಒಮ್ಮೆ ಐವತ್ತು ಗ್ರಾಂ ಪುಡಿಯನ್ನು ಎಪ್ಪತ್ತೈದು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಎರಡು ದಿನವಾಗಿತ್ತು. ಬಸ್ಸಿನಲ್ಲಿದ್ದಾಗ ಮಾಮಾ ಫೋನು ಮಾಡಿದರು. ನಾನು, “ಬಣ್ಣ ಬದಲಾಗಿಲ್ಲಲ್ರಿ? ಉಬ್ಬಿಲ್ಲಲ್ರಿ? ಹಂಗಾದ್ರ ನಾ ಬರೂತನಾ ಪೆಟ್ಟಿಗಿಯಿಂದ ಹೊರಗ ತೆಗೀಬ್ಯಾಡ್ರಿ. ತೂಕ ನಾನೇ ಬಂದು ನೋಡ್ತೀನಿ,” ಎಂದೆ.

ಫೋನು ಇಡುತ್ತಲೇ ಪಕ್ಕದ ಅಜ್ಜಿ ನನ್ನ ಕೈ ಹಿಡಿದಳು. ಭೀಮಾ ದಂಡೆಯ ಊರಿನವಳು, ಕಾಲ ಬಳಿ ಮೀನಿನ ಬುಟ್ಟಿ. “ಕೂಸು ನಿಂದೇನು ಯವ್ವಾ? ಹೆದರಬ್ಯಾಡ. ನನ್ನ ಮೊಮ್ಮಗಳನ್ನೂ ದವಾಖಾನ್ಯಾಗ ಹಂಗ ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು. ಅಂಗೈಯಷ್ಟಿದ್ಲು. ಈಗ ಸಾಲಿಗೆ ಹೋಗ್ತಾಳ, ನನಗ ಎದುರು ಮಾತಾಡ್ತಾಳ.”

ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಸೆರಗಿನ ಗಂಟು ಬಿಚ್ಚಿ ಚಿಟಿಕೆ ಭಸ್ಮ ನನ್ನ ಅಂಗೈಗೆ ಹಾಕಿ, “ಕೂಸಿನ ಹಣಿಗೆ ಹಚ್ಚು,” ಎಂದಳು. ಯಾದಗಿರಿ ಬರುವವರೆಗೂ ಕೈ ಬಿಡಲಿಲ್ಲ.

ಮುಂದಿನ ವಾರ ಅದೇ ಬಸ್ಸು. ನಾಲ್ಕು ಸೀಟಿನಾಚೆಯಿಂದ ಅಜ್ಜಿ ಕೂಗಿದಳು: “ಯವ್ವಾ, ಕೂಸು ಹೆಂಗದ?”

ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿದ.

“ಆರಾಮದ ಅಜ್ಜಿ. ಪೆಟ್ಟಿಗಿಯಿಂದ ಹೊರಗ ತಗದ್ವಿ.” ಅದೇನೂ ಸುಳ್ಳಲ್ಲ.

“ತೂಕ ಎಷ್ಟದ?”

ದಿನಾ ಹೇಳುವ ಅಭ್ಯಾಸ ನೋಡಿ, “ಐವತ್ತು ಗ್ರಾಂ” ಎಂದುಬಿಟ್ಟೆ.

ಅಜ್ಜಿ ಎರಡೂ ಕೈ ಮೇಲೆತ್ತಿ ದೇವರಿಗೆ ಮುಗಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಐವತ್ತು ಗ್ರಾಮಿನ್ಯಾಗ ಜೀವ ಹಿಡದದ ಅಂದ್ರ, ಹೆಣ್ಣಗೂಸೇ ಇರಬೇಕು ಬಿಡು!”