ಮಡಚಿ ಇಡ್ರಿ

ನಮ್ಮ ಕಡೆ ಜನರಿಗೆ ಚೆನ್ನಾಗಿರುವ ವಸ್ತು ಕಂಡರೆ ತಡೆಯುವುದಿಲ್ಲ, ಕೂಡಲೇ ರಿಪೇರಿಗೆ ಕೈ ಹಾಕುತ್ತಾರೆ. ಮಕ್ತಲದ ಬಸ್ ಸ್ಟ್ಯಾಂಡ್ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ಕುಳಿತು ನಾನು ಇದನ್ನು ದಿನವೂ ನೋಡುತ್ತೇನೆ. ಬಿಎಸ್ಸಿ ಮುಗಿಸಿ ಇಲ್ಲಿ ಜನರ ಅರ್ಜಿ ತುಂಬುತ್ತೇನೆ. ಬಿಡುವಾದರೆ ಹಳೆಯ ವೆಬ್‌ಸೈಟುಗಳನ್ನು ಹುಡುಕುತ್ತೇನೆ. ಇಂಟರ್‌ನೆಟ್ ಹೊಸದಾಗಿದ್ದಾಗ ಯಾರೋ ಒಬ್ಬರೇ ಕುಳಿತು, ಯಾರನ್ನೂ ಕೇಳದೆ, ತಮಗೆ ತೋಚಿದಂತೆ ಮಾಡಿಟ್ಟವು. ಅವು ಒಂದೊಂದಾಗಿ ಅಳಿಯುತ್ತಿವೆ. ಅಳಿಸುವವರನ್ನು ನಾನು ಹತ್ತಿರದಿಂದ ಬಲ್ಲೆ.

೧. ಮುನೀಮರ ಬಿಲ್ಲು

ನಾರಾಯಣಪೇಟೆಯ ಸೀರೆ ಅಂಗಡಿಯ ಸಾಹುಕಾರರೊಬ್ಬರು ಫೋನ್ ಹಿಡಿದುಕೊಂಡು ಸೆಂಟರಿಗೆ ಬಂದರು.

“ತಮ್ಮ, ಇದು ಮೋಸದ ಮೆಸೇಜ್ ಐತಿ ನೋಡು. ನನ್ನ ವೆಬ್‌ಸೈಟಿನ ಮುದ್ದತ್ ಮುಂದಿನ ವಾರ ಮುಗೀತೈತಂತ. ನನಗ ವೆಬ್‌ಸೈಟ್ ಎಲ್ಲೈತಿ?”

ವಿಳಾಸ ಹಾಕಿ ನೋಡಿದೆ. ಇತ್ತು. ಇಪ್ಪತ್ತು ವರ್ಷಕ್ಕೂ ಹಿಂದಿನದು. ಅವರ ತಂದೆಯ ಕಾಲದಲ್ಲಿ ಅಂಗಡಿಯ ಗುಮಾಸ್ತನೊಬ್ಬ ಮಾಡಿದ್ದು ಎಂದು ಅಲ್ಲೇ ಬರೆದಿತ್ತು. ಸಾಹುಕಾರರು ಪರದೆಯ ಮೇಲೆ ತಮ್ಮ ಅಂಗಡಿಯ ಹೆಸರು ಓದಿ ಕುರ್ಚಿಯಲ್ಲಿ ಕುಳಿತರು. ಪ್ರತಿ ವರ್ಷ ಇದರ ದುಡ್ಡು ಕಟ್ಟಿದವರು ಯಾರು? ಅಂಗಡಿಯ ಲೆಕ್ಕ ಬರೆಯುತ್ತಿದ್ದು ಈ ವರ್ಷವಷ್ಟೇ ಕೆಲಸ ಬಿಟ್ಟ ಮುನೀಮರಿಗೆ ಅಲ್ಲಿಂದಲೇ ಫೋನ್ ಹಚ್ಚಿದರು.

“ಹೌದ್ರಿ, ವರ್ಷಾ ಒಂದು ಬಿಲ್ ಬರತಿತ್ತು. ನಾನ ಕಟ್ಟತಿದ್ದೆ.”

“ಒಂದು ಮಾತು ನನ್ನ ಕೇಳಬಾರದೇನ್ರಿ?”

“ಕೇಳಿದ್ರ ನೀವು ಕಟ್ಟಬ್ಯಾಡ ಅಂತಿದ್ರಿ.”

೨. ಓರೆಯಾದ ಟೇಬಲ್ಲು

ಸಾಹುಕಾರರು ಹೋದ ಮೇಲೆ ನಾನು ಆ ಸೈಟನ್ನು ಸಾವಕಾಶವಾಗಿ ನೋಡಿದೆ. ಅದರ ಪುಟ ಕೆಳಕ್ಕೆ ಹೋಗುವುದಿಲ್ಲ, ಅಡ್ಡಕ್ಕೆ ಹೋಗುತ್ತದೆ. ಗುಮಾಸ್ತ ಗಾದಿಯ ಮೇಲೆ ಸೀರೆ ಬಿಚ್ಚಿದಂತೆ ಎಡದಿಂದ ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ಮೇಲೆ ಕೆಳಗೆ ಅಂಚು, ನಡುವೆ ಚೌಕಳಿ, ತುದಿಯಲ್ಲಿ ಸೆರಗು. ಕಣ್ಣಿಗೆ ಇಡೀ ಸೀರೆ ಕಾಣುತ್ತದೆ, ಒಳಗೆ ಇರುವುದು ಒಂದೇ ಸಣ್ಣ ಚೌಕಳಿಯ ಚಿತ್ರ. ಅದನ್ನೇ ಸಾಲಾಗಿ ಜೋಡಿಸುತ್ತ ಹೋಗುವಂತೆ ಮಾಡಿದ್ದಾನೆ. ಮಗ್ಗದಲ್ಲೂ ಕೆಲಸ ಹೀಗೇ ನಡೆಯುತ್ತದೆ. ಹಾಗಾಗಿ ಮಕ್ತಲದ ಸಿಗ್ನಲ್ಲಿನಲ್ಲೂ ಅದು ಥಟ್ಟನೆ ತೆರೆಯುತ್ತದೆ.

ಸೆರಗಿನ ಪಕ್ಕ ಕೈಯಲ್ಲಿ ಬರೆದು ಚಿತ್ರವಾಗಿ ಹಾಕಿದ ಒಂದು ಸಾಲು: “ನೋಡಿದ್ದಾಯ್ತೇನ್ರಿ? ಮಡಚಿ ಇಡ್ರಿ.” ಅಲ್ಲಿಂದ ಮುಂದೆ ಹೋಗಲು ದಾರಿ ಇಲ್ಲ. ಇನ್ನೊಂದು ಸೀರೆ ನೋಡಬೇಕೆಂದರೆ ಬಂದಷ್ಟೂ ದೂರ ಎಡಕ್ಕೆ ವಾಪಸ್ ಬರಬೇಕು. ಬರುವಾಗ ಸೀರೆ ಮಡಿಕೆ ಮಡಿಕೆಯಾಗಿ ಮಡಚಿಕೊಳ್ಳುತ್ತದೆ. ಇಷ್ಟು ಮರ್ಯಾದೆ ಇರುವ ವೆಬ್‌ಸೈಟನ್ನು ನಾನು ನೋಡಿರಲಿಲ್ಲ. ಮಾಡಿದವನು ದೊಡ್ಡ ಕಲಾವಿದ ಎಂದುಕೊಂಡೆ.

ಆದಾಯದ ಸರ್ಟಿಫಿಕೇಟಿಗೆ ಬಂದಿದ್ದ ಒಬ್ಬ ಹಿರಿಯರು ನನ್ನ ಹಿಂದೆ ನಿಂತು ನೋಡುತ್ತಿದ್ದರು.

“ಕಂಪ್ಯೂಟರ್ ಖರಾಬ್ ಆಗೇತಿ. ಪೇಜು ಬಾಜೂಕ ಹೊಂಟೈತಿ.”

“ಖರಾಬ್ ಆಗಿಲ್ರಿ. ಅದು ಇರೋದ ಹಂಗ.”

ಅವರು ನಂಬಲಿಲ್ಲ. ಮಾನಿಟರಿನ ನೆತ್ತಿಗೆ ಒಂದು ಏಟು ಹಾಕಿದರು. ಆಮೇಲೆ ಬಗ್ಗಿ ಟೇಬಲ್ಲಿನ ಕಾಲು ನೋಡಿದರು, ಸರ್ಕಾರಿ ಅರ್ಜಿಯೊಂದನ್ನು ನಾಲ್ಕು ಮಡಿಕೆ ಮಾಡಿ ಬಲಗಾಲಿನ ಕೆಳಗೆ ಇಟ್ಟರು.

“ಈಗ ನೋಡು, ಜಾರಂಗಿಲ್ಲ.”

ಅದು ಅವರದೇ ಅರ್ಜಿ. ನಾನು ಹೇಳಲಿಲ್ಲ.

೩. ಶುಕ್ರವಾರದ ಗಿರಾಕಿ

ಮುದ್ದತ್ ಕಟ್ಟಿಸಲು ಶುಕ್ರವಾರ ನಾರಾಯಣಪೇಟೆಗೆ ಹೋದೆ. ಸಾಹುಕಾರರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ರಾಯಚೂರಿನಿಂದ ಅವರ ತಂಗಿ ಬಂದಿದ್ದರು. ಪ್ರತಿ ಶುಕ್ರವಾರ ಬರುತ್ತಾರಂತೆ. ಗಾದಿಯ ನಡುವೆ ಕುಳಿತು ಒಂದೊಂದೇ ಬಿಚ್ಚಿಸುತ್ತಿದ್ದರು.

“ಅದರ ಸೆರಗು ತೋರಿಸು.”

“ಸೆರಗು ಕೊನೀಗೆ ಅಕ್ಕಾರ” ಎಂದ ಈಗಿನ ಗುಮಾಸ್ತ. ಅದು ಆ ಅಂಗಡಿಯ ಹಳೆಯ ಪದ್ಧತಿ. ಪೂರಾ ಬಿಚ್ಚಿದ ಮೇಲೆಯೇ ಸೆರಗು.

ಕಪಾಟು ಖಾಲಿಯಾಯಿತು. ಅಂಗಡಿಯವರೆಲ್ಲ ಅಕ್ಕ ಎಂದು ಕರೆಯುವ ಆ ತಂಗಿ ಚಹಾ ಮುಗಿಸಿ ಎದ್ದರು. “ಎಲ್ಲಾ ಚಂದ ಅದಾವಣ್ಣ. ಬರೋ ವಾರ ನೋಡೂಣು.” ರಾಯಚೂರು ಬಸ್ಸಿಗೆ ಹೋದರು. ಗುಮಾಸ್ತ ಸೀರೆಯ ರಾಶಿಯಲ್ಲಿ ಸೊಂಟದವರೆಗೆ ಮುಳುಗಿದ್ದ.

“ತವರುಮನಿ ಸೀರಿ ನೋಡಾಕ ಬರತಾಳ. ಬ್ಯಾಡಂತ ಹ್ಯಾಂಗ ಅನ್ನಲಿ?” ಎಂದರು ಸಾಹುಕಾರರು.

ಇಷ್ಟು ವರ್ಷದಲ್ಲಿ ಏನಾದರೂ ಕೊಂಡಿದ್ದಾರೆಯೇ ಎಂದು ನಾನು ಗುಮಾಸ್ತನನ್ನು ಕೇಳಿದೆ. ಅವನು ಮಡಚುತ್ತಲೇ ಹೇಳಿದ:

“ಒಮ್ಮೆ ಒಂದು ತಗೊಂಡಿದ್ರು. ಮರು ಶುಕ್ರವಾರ ಬದಲಿ ಮಾಡಾಕ ಬಂದ್ರು.”

೪. ಮಾತಾಡುವ ಸೈಟು

ಸೋಮವಾರ ಮತ್ತೆ ಹೋದೆ. ಅಷ್ಟರಲ್ಲಿ ತಮಗೆ ವೆಬ್‌ಸೈಟ್ ಇದೆ ಎಂದು ಸಾಹುಕಾರರು ಊರಿಗೆಲ್ಲ ಹೇಳಿದ್ದರು. ಹೈದರಾಬಾದಿನ ಒಂದು ಕಂಪನಿಯ ಮನುಷ್ಯ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಗಾದಿಯ ಮೇಲೆ ಕುಳಿತಿದ್ದ. ಹಳೆಯದನ್ನು ಅಳಿಸಿ ಅದೇ ವಿಳಾಸದಲ್ಲಿ ಹೊಸದು ಹಾಕುತ್ತಾನಂತೆ.

ಹೊಸದನ್ನು ತೋರಿಸಿದ. ಒಂದು ಚಕ್ರ ತಿರುಗಿತು. ಚಹಾ ಬಂತು, ಕುಡಿದೆವು, ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಸಮುದ್ರದ ದಂಡೆಯಲ್ಲಿ ನಿಂತ ಒಬ್ಬ ಹೆಂಗಸು ಬಂದಳು.

“ಈಕಿ ಉಟ್ಟಿದ್ದು ನಮ್ಮ ಸೀರಿ ಅಲ್ಲ” ಎಂದರು ಸಾಹುಕಾರರು.

“ಫೋಟೋ ಬದಲಿ ಮಾಡಬಹುದು ಸಾರ್.”

ಅಷ್ಟರಲ್ಲಿ ಮೂಲೆಯಲ್ಲಿ ಸಣ್ಣ ಕಿಟಕಿಯೊಂದು ತೆರೆದು, ಏನು ಬೇಕು ಎಂದು ಕೇಳಿತು. ಸಾಹುಕಾರರು ತಾವೇ ಒಂದು ಬೆರಳಲ್ಲಿ ಟೈಪು ಮಾಡಿ ಚೌಕಳಿ ಸೀರೆಯ ಬೆಲೆ ಕೇಳಿದರು. ಅದು ಉತ್ತರ ಕೊಟ್ಟಿತು: “ಮುಂದಿನ ಚಕ್ರಕ್ಕೋ, ಹಿಂದಿನ ಚಕ್ರಕ್ಕೋ?”

ಕಂಪನಿಯವನು ಇದಕ್ಕೂ ಮೊದಲು ಟೈರ್ ಅಂಗಡಿಯೊಂದಕ್ಕೆ ಮಾಡಿದ್ದನ್ನೇ ತಂದಿದ್ದ. ನನ್ನ ಮೈ ಉರಿಯಿತು. ಇಷ್ಟು ಚಂದದ್ದನ್ನು ಅಳಿಸಿ ಇದನ್ನು ಹಾಕುತ್ತೀರಾ ಎಂದು ನೇರವಾಗಿ ಕೇಳಿದೆ. ಸಾಹುಕಾರರು ಕನಿಕರದಿಂದ ನನ್ನನ್ನು ನೋಡಿದರು.

“ತಮ್ಮ, ಇದು ಮಾತಾಡತೈತಿ. ನಿನ್ನ ಹಳೇದು ಮಾತಾಡತೈತೇನು?”

೫. ಪಾತ್ರೆ ಅಂಗಡಿ

ಹಳೆಯದನ್ನು ಅಳಿಸಲು ಪಾಸ್‌ವರ್ಡ್ ಬೇಕಿತ್ತು. ಅದು ಮಾಡಿದವನ ಹತ್ತಿರ ಇತ್ತು. ಆ ಹಳೆಯ ಗುಮಾಸ್ತ ಈಗ ಗದ್ವಾಲದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದಾನೆ, ಹೋಗಿ ಕೇಳಿಕೊಂಡು ಬಾ, ಶುಕ್ರವಾರದೊಳಗೆ ಕೊಡು ಎಂದರು ಸಾಹುಕಾರರು. ನಾನು ಬೇರೆ ಲೆಕ್ಕ ಹಾಕಿದೆ. ಕಲಾವಿದ ತನ್ನ ಕೃತಿ ಅಳಿಸಲು ಒಪ್ಪುವುದಿಲ್ಲ, ಅವನನ್ನು ನನ್ನ ಕಡೆ ಮಾಡಿಕೊಳ್ಳೋಣ.

ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾಗಿ ಹೋಯಿತು. ಹೇಳಬೇಕಾದ ಹೊಗಳಿಕೆಯನ್ನು ಅಷ್ಟರಲ್ಲಿ ಜೋಡಿಸಿಕೊಂಡೆ.

ಹಳೆಯ ಗುಮಾಸ್ತರು ಅಂಗಡಿಯಲ್ಲಿ ಕೊಡಗಳ ನಡುವೆ ಕುಳಿತಿದ್ದರು. ನಾನು ಹೊಗಳಿದೆ. ಕೇಳಿದರು. ಮುಖ ಬದಲಾಗಲಿಲ್ಲ.

“ಅಡ್ಡಕ್ಕೆ ಬಿಚ್ಚೋ ವಿಚಾರ ಹ್ಯಾಂಗ ಬಂತ್ರಿ?”

“ಸೀರಿ ಅಡ್ಡಕ್ಕ ಬಿಚ್ಚತಾರ.”

“ಆ ಸಾಲು? ಮಡಚಿ ಇಡ್ರಿ ಅಂತ. ಎಷ್ಟು ಮರ್ಯಾದಿ ಐತ್ರಿ ಅದರಾಗ.”

“ಮರ್ಯಾದಿ?” ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. “ಸಿಟ್ಟದು, ತಮ್ಮ. ದೊಡ್ಡ ಸಾಹುಕಾರರಿಗೆ, ಈಗಿನವರ ಅಪ್ಪಗ, ಒಬ್ಬಾಕಿ ಮಗಳು ಇದ್ಲು. ಶುಕ್ರವಾರ ಬಂತಂದ್ರ ಗಾದಿ ಮ್ಯಾಲ ಕುಂದ್ರಾಕಿ. ಕಪಾಟು ಖಾಲಿ ಮಾಡಸಾಕಿ. ಒಂದೂ ಒಯ್ಯತಿರಲಿಲ್ಲ. ಆಕಿ ಮನಿಗೆ ಹೋಗಾಕಿ, ನಾನು ಮಡಚತಿದ್ದೆ. ದೊಡ್ಡ ಸಾಹುಕಾರರು ಇಂಟರ್‌ನೆಟ್ಟಿಗೆ ಸೀರಿ ಹಾಕು ಅಂದ್ರು. ಹಾಕಿದೆ. ಇಲ್ಲಿಯಾದ್ರೂ ಆಕಿ ಮಡಚಲಿ ಅಂತ ಹಾಕಿದೆ.”

ಕಲಾವಿದ ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ.

“ಅವರು ಈಗಲೂ ಶುಕ್ರವಾರ ಬರತಾರ್ರಿ.”

“ಸೈಟ್ ನೋಡಿದ್ಲೇನು?”

“ಇಲ್ರಿ. ಸೈಟ್ ಐತಿ ಅಂತ ಅವರಿಗೆ ಯಾರೂ ಹೇಳೇ ಇಲ್ಲ.”

ಅವರ ಮುಖ ಕೆಂಪಾಯಿತು. “ಇಪ್ಪತ್ತು ವರ್ಷ! ಯಾರಿಗಂತ ಮಾಡಿದ್ದು ಅದನ್ನ?” ಅಳಿಸಲು ಬರುತ್ತಿದ್ದಾರೆಂದು ಹೇಳಿದೆ. ಅಳಿಸಲಿ, ಆದರೆ ಅದಕ್ಕೂ ಮೊದಲು ಆಕೆ ಒಂದು ಸಲ ಮಡಚಬೇಕು ಎಂದರು. ಆ ಷರತ್ತಿನ ಮೇಲೆ ಪಾಸ್‌ವರ್ಡ್ ಕೊಟ್ಟರು.

ಹೊರಡುವಾಗ, ಸೀರೆ ವ್ಯಾಪಾರ ಗೊತ್ತಿದ್ದವರು ಪಾತ್ರೆ ಅಂಗಡಿ ಯಾಕೆ ಇಟ್ಟಿರಿ ಎಂದು ಕೇಳಿದೆ.

“ಪಾತ್ರಿ ಮಡಚಾಕ ಬರಂಗಿಲ್ಲ.”

೬. ಮಡಚಿದ್ದು

ಶುಕ್ರವಾರ. ಮುದ್ದತ್ತಿಗೆ ಅದೇ ಕೊನೆಯ ದಿನ. ಕಂಪನಿಯವನು ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡಿಗೆ ಕಾಯುತ್ತಿದ್ದ. ರಾಯಚೂರು ಬಸ್ಸು ಬಂತು. ಗುಮಾಸ್ತ ಕಪಾಟಿಗೆ ಕೈ ಹಾಕುವುದರೊಳಗೆ ನಾನು ಅಕ್ಕನ ಫೋನಿನಲ್ಲಿ ಸೈಟು ತೆರೆದು ಕೊಟ್ಟೆ.

ಅಕ್ಕ ಹೆಬ್ಬೆರಳಿಂದ ಎಳೆದರು. ಸೀರೆ ಬಿಚ್ಚಿಕೊಂಡಿತು. ಇನ್ನೂ ಎಳೆದರು. ಸೆರಗು ಬಂತು.

“ಅಯ್ಯ, ಇದು ಅಪ್ಪನ ಕಾಲದ ಚೌಕಳಿ. ಎಷ್ಟು ಚಂದ ಬಿಚ್ಚತೈತಣ್ಣ. ಅಂಗಡಿಗಿಂತ ಚೊಲೋ ಐತಿ. ನಾನು ಮನಿಯಾಗ ಕುಂತ ನೋಡತೀನಿ, ಬಸ್ಸಿನಾಗ ಸೊಂಟ ನೋಯತೈತಿ.”

ಸಾಹುಕಾರರು ಕುಳಿತಲ್ಲಿಂದ ಎದ್ದು ನಿಂತರು.

“ಮನಿಯಾಗ? ರಾಯಚೂರಾಗ?”

“ಹೂಂ.”

ಅವರು ನನ್ನ ಕಡೆ ತಿರುಗಿದರು. “ತಮ್ಮ, ಮುದ್ದತ್ ಕಟ್ಟು. ಎಷ್ಟು ವರ್ಷಕ್ಕ ಒಮ್ಮೆಲೆ ಕಟ್ಟಾಕ ಬರತೈತೋ ಅಷ್ಟಕ್ಕೂ ಕಟ್ಟು. ಜಲ್ದಿ.” ಕಂಪನಿಯವನಿಗೆ ಲ್ಯಾಪ್‌ಟಾಪ್ ಮುಚ್ಚಲು ಹೇಳಿದರು. ಅಲ್ಲೇ ಕುಳಿತು ಹತ್ತು ವರ್ಷಕ್ಕೆ ಕಟ್ಟಿದೆ. ಸೈಟು ಉಳಿಯಿತು. ಈ ವರ್ಷ ನನ್ನ ಸಿಟ್ಟು ಇಳಿದದ್ದು ಆ ಒಂದು ಗಳಿಗೆ ಮಾತ್ರ.

ಅಕ್ಕ ಕೊನೆಯ ಸಾಲು ಓದಿದರು. “ನೋಡಿದ್ದಾಯ್ತೇನ್ರಿ? ಮಡಚಿ ಇಡ್ರಿ.” ಆಮೇಲೆ ತಲೆ ಎತ್ತದೆ ಫೋನನ್ನು ಗುಮಾಸ್ತನ ಕಡೆ ಚಾಚಿದರು.

“ತಗೋ. ಮಡಚು.”

ಗುಮಾಸ್ತ ಅಭ್ಯಾಸಬಲದಿಂದ ಫೋನ್ ಇಸಕೊಂಡ. ಹೆಬ್ಬೆರಳಿಂದ ಮಡಿಕೆ ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ, ಸಾವಕಾಶ ಮಡಚಿ ವಾಪಸ್ ಕೊಟ್ಟ. ಅಕ್ಕ ಇನ್ನೊಂದು ಬಿಚ್ಚಿದರು.

“ಮನಿಯಾಗ ಬಿಚ್ಚಿ ನೋಡತೀನಣ್ಣ. ಮಡಚಾಕ ಶುಕ್ರವಾರ ಇಲ್ಲಿಗೇ ತರತೀನಿ.”

ಬಸ್ ಸ್ಟ್ಯಾಂಡಿನಿಂದ ಗದ್ವಾಲಕ್ಕೆ ಫೋನ್ ಮಾಡಿದೆ. ಸೈಟು ಉಳಿಯಿತು ಎಂದೆ. ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

“ಆಕಿ ಮಡಚಿದ್ಲೇನು?”

ನಡೆದದ್ದನ್ನು ಹೇಳಿದೆ. ಆ ಕಡೆ ಯಾವುದೋ ಪಾತ್ರೆ ನೆಲಕ್ಕೆ ಬಿದ್ದು ಉರುಳುವ ಸದ್ದು ಕೇಳಿಸಿತು.

“ತಮ್ಮ, ಪಾಸ್‌ವರ್ಡ್ ಬದಲಿ ಮಾಡಿಲ್ಲಲ್ಲ?”

“ಇಲ್ರಿ.”

“ಮಾಡಬ್ಯಾಡ. ನಂದು ಇನ್ನೂ ಸ್ವಲ್ಪ ಕೆಲಸ ಬಾಕಿ ಐತಿ.”