ನಾಲ್ಕೂ ಗಾಲಿ ಬಿಸಿ

ಊರಿನ ಅರ್ಧ ಜನರ ಧ್ವನಿ ನನ್ನ ಗಂಟಲಲ್ಲಿದೆ. ಇದು ಜಂಬದ ಮಾತಲ್ಲ, ತಪ್ಪೊಪ್ಪಿಗೆ. ಬಳ್ಳಾರಿಯ ಗಾಂಧಿನಗರದ ನಮ್ಮ ಪಂಪ್‌ಸೆಟ್ ಅಂಗಡಿಯ ಮಾಲೀಕರು ಮೂಗಿನಲ್ಲೇ ನಗುವುದು, ಪಾರ್ವತಿನಗರದಲ್ಲಿ ನನಗೆ ಕೋಣೆ ಕೊಟ್ಟ ಮುದುಕಿ ಬಾರದ ನಲ್ಲಿ ನೀರನ್ನು ಹೆಸರಿಟ್ಟು ಬೈಯುವುದು, ಸಿರುಗುಪ್ಪ ಬಸ್ಸಿನ ಕಂಡಕ್ಟರು ಕನ್ನಡ ತೆಲುಗು ಎರಡರಲ್ಲೂ ಒಂದೇ ಉಸಿರಿಗೆ ಜನರನ್ನು ಮುಂದೆ ಸರಿಸುವುದು, ಎಲ್ಲವನ್ನೂ ಮಾಡಬಲ್ಲೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕು ಸುಸ್ತಾದ ಮೇಲೆ, ತಾವು ಎದ್ದು ಹೋದ ಕೂಡಲೇ ಇವನು ತಮ್ಮದನ್ನೂ ಮಾಡುತ್ತಾನೆ ಎಂಬುದು ಅವರಿಗೆ ಹೊಳೆಯುತ್ತದೆ. ಹೀಗಾಗಿ ನನ್ನನ್ನು ಮೆಚ್ಚದವರಿಲ್ಲ, ಭಾನುವಾರ ಮನೆಗೆ ಬಾ ಎಂದು ಕರೆಯುವವರೂ ಇಲ್ಲ.

ಒಬ್ಬ ಕರೆಯುತ್ತಿದ್ದ, ಶರಣಪ್ಪ. ಕುರುಗೋಡಿನವನು, ಕಾಲೇಜಿನಲ್ಲಿ ನನ್ನ ಬೆಂಚಿನವನು, ಈಗ ಸಿರುಗುಪ್ಪದಲ್ಲಿ ಮೇಷ್ಟ್ರು. ಅವನಷ್ಟು ಪುಕ್ಕಲನನ್ನು ನಾನು ಕಂಡಿಲ್ಲ. ಅಂಗಡಿಯ ಹಳೆಯ ಕಾರಿನಲ್ಲಿ ನನ್ನ ಪಕ್ಕ ಕೂತರೆ ಎರಡೂ ಕೈಯಿಂದ ಸೀಟು ಹಿಡಿದು, ‘ಮೆಲ್ಲಕ ಲೇ ಬಸ್ಯಾ, ಮೆಲ್ಲಕ. ಮುಂದ ಎಮ್ಮಿ ಐತಿ’ ಎನ್ನುತ್ತಿದ್ದ. ಎಮ್ಮೆ ಎರಡು ಹೊಲದ ಆಚೆ ಇರುತ್ತಿತ್ತು. ಅವನ ಮದುವೆಯ ಊಟದ ಪಂಕ್ತಿಯಲ್ಲಿ ನಾನು ಇದನ್ನೇ ಉಪ್ಪುಖಾರ ಹಚ್ಚಿ ಮಾಡಿ ತೋರಿಸಿದೆ. ಎಮ್ಮೆಯ ಜಾಗದಲ್ಲಿ ಮದುಮಗಳನ್ನು ನಿಲ್ಲಿಸಿದ್ದೆ. ಹೋಳಿಗೆ ಬಡಿಸುವವರು ಬುಟ್ಟಿ ಕೆಳಗಿಟ್ಟು ನಕ್ಕರು. ಪಾಪ, ಮದುಮಗಳೂ ನಕ್ಕಳು. ಶರಣಪ್ಪ ಮಾತ್ರ ಎಲೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಒಂದೂವರೆ ವರ್ಷ ಅವನಿಂದ ಮಾತಿಲ್ಲ, ಕಾಗದವಿಲ್ಲ.

ಇದ್ದಕ್ಕಿದ್ದಂತೆ ಒಂದು ಕಾರ್ಡು ಬಂತು. ಅವ್ವನ ಮೊಣಕಾಲು ಸೋತಿದೆ, ಬಸ್ಸು ಹತ್ತಲಾಗುವುದಿಲ್ಲ, ಬರುವ ಭಾನುವಾರ ಕಾರಿನಲ್ಲಿ ಕುರುಗೋಡಿನಿಂದ ಸಿರುಗುಪ್ಪಕ್ಕೆ ಕರೆತರಲು ಸಾಧ್ಯವೇ ಎಂದು ಬರೆದಿದ್ದ. ಸಹಿಯ ಮೇಲೆ ‘ನಿನ್ನ’ ಎಂಬ ಪದ ಇರಲಿಲ್ಲ. ಕಾರ್ಡನ್ನು ತಿರುಗಿಸಿ ವಿಳಾಸದ ಕಡೆಗೂ ಹುಡುಕಿದೆ. ಆದರೂ ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ಐದು ಸಲ ಓದಿದೆ. ಇದೊಂದು ಸರಿಯಾಗಿ ನಡೆದರೆ ನನಗೆ ಮತ್ತೆ ಒಬ್ಬ ಗೆಳೆಯ. ಕೆಟ್ಟರೆ ಅಲ್ಲಿಗೆ ಮುಗಿಯಿತು.

ಕಾರು ಹಟ ಹಿಡಿದದ್ದು ಅದೇ ವಾರ. ಆಕ್ಸಿಲರೇಟರ್ ಎಷ್ಟು ತುಳಿದರೂ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಮುಲುಕುತ್ತಿತ್ತು. ನಿಲ್ಲಿಸಿ ಇಳಿದರೆ ಸುಟ್ಟ ವಾಸನೆ. ಅಂಗಡಿಯ ಹಿಂದಿನ ತಗಡಿನ ಷೆಡ್ಡಿನ ಮೆಕ್ಯಾನಿಕ್ ಖಾಜಾಸಾಬರ ಬಳಿ ಒಯ್ದೆ. ಅವರದು ದಿನಕ್ಕೆ ಹತ್ತು ಮಾತಿನ ಲೆಕ್ಕ. ಅಷ್ಟು ಕಡಿಮೆ ಸರಕಿನಲ್ಲಿ ನಾನು ಅವರ ಧ್ವನಿ ಕಲಿಯಲು ಮೂರು ತಿಂಗಳು ಬೇಕಾಗಿತ್ತು. ಒಂದೊಂದೇ ಗಾಲಿಗೆ ಜಾಕ್ ಕೊಟ್ಟು ಕೈಯಿಂದ ತಿರುಗಿಸಿದರು. ಮೂರು ಸರಾಗವಾಗಿ ತಿರುಗಿದವು. ಮುಂದಿನ ಎಡಗಾಲಿ ಅರ್ಧ ಸುತ್ತಿಗೇ ನಿಂತಿತು. ‘ಬ್ರೇಕ್ ಹಿಡಕೊಂಡೈತಿ’ ಎಂದು ಡ್ರಮ್ ಬಿಚ್ಚಿದರು. ಒಳಗಿನ ಪಿಸ್ಟನ್ ತುಕ್ಕು ಹಿಡಿದು, ಮುಂದೆ ಹೋದದ್ದು ಹಿಂದೆ ಬಾರದೆ ಕೂತಿತ್ತು. ಅದನ್ನು ತಿಕ್ಕಿ, ಹೊಸ ರಬ್ಬರು ಹಾಕಿ, ಬ್ರೇಕ್ ಎಣ್ಣೆ ತುಂಬಿ, ನನ್ನನ್ನು ಪೆಡಲ್ ಮುಂದೆ ಕೂರಿಸಿ ‘ಒತ್ತು, ಬಿಡು’ ಎಂದು ಪೈಪಿನೊಳಗಿನ ಗಾಳಿ ತೆಗೆದರು. ನಾನೂ ಅವರ ಧ್ವನಿಯಲ್ಲೇ ‘ಒತ್ತು, ಬಿಡು’ ಎಂದೆ. ಅವರು ನಗಲಿಲ್ಲ.

ಮರುದಿನ ಕೆಲಸದ ಮೇಲೆ ಒಬ್ಬನೇ ಕುರುಗೋಡಿಗೆ ಹೋಗಿ ಬಂದೆ. ಮತ್ತೆ ಅದೇ ಮುಲುಕು, ಅದೇ ವಾಸನೆ. ಖಾಜಾಸಾಬರು ಗಾಲಿಗಳಿಗೆ ನೀರು ಚಿಮುಕಿಸಿದರು. ನಾಲ್ಕೂ ಚುರ್ ಎಂದವು.

‘ಒಂದು ಗಾಲಿ ಬಿಸಿ ಆದ್ರ ಗಾಲೀದು ತಪ್ಪು. ನಾಕೂ ಬಿಸಿ ಆದ್ರ ಪೆಡಲ್ ಕಡೀದು’ ಎಂದು ಪೆಡಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಎಷ್ಟು ಸಡಿಲ ಇರಬೇಕೋ ಅಷ್ಟೇ ಇತ್ತು. ಪಕ್ಕದಲ್ಲಿ ತಾವೇ ಕೂತು ಅದೇ ರಸ್ತೆಯಲ್ಲಿ ನನ್ನಿಂದ ಓಡಿಸಿದರು. ಹೋಗಿ ಬಂದರೂ ಗಾಲಿಗಳು ತಣ್ಣಗೇ ಇದ್ದವು. ನನಗೆ ಅವಮಾನವಾಯಿತು. ಡಾಕ್ಟರ ಮುಂದೆ ಮಾಯವಾಗುವ ಜ್ವರ ನನ್ನ ಕಾರಿಗೂ ಬರಬೇಕೇ.

ಶನಿವಾರ ಅವರು, ‘ನೀ ಒಬ್ಬನ ಹೋಗು’ ಎಂದು ಸ್ಕೂಟರಿನಲ್ಲಿ ನನ್ನ ಹಿಂದೆ ಬಂದರು. ಊರು ದಾಟಿ ಒಂದಷ್ಟು ದೂರ ಹೋದ ಮೇಲೆ ಹಾರನ್ ಹೊಡೆದು, ಬೇವಿನ ಮರದ ಕೆಳಗೆ ನಿಲ್ಲಿಸಿದರು.

‘ಒಳಗ ಯಾರದಾರ?’

‘ಯಾರೂ ಇಲ್ರಿ.’

ಅವರು ಹಿಂದಿನ ಸೀಟಿಗೆ ಇಣುಕಿದರು. ಪಂಪಿನ ಬೆಲ್ಟುಗಳಷ್ಟೇ ಇದ್ದವು. ‘ಮತ್ತ ಕೈ ಮಾಡಿ ಮಾಡಿ ಯಾರ ಕೂಡ ಮಾತಾಡಾಕತ್ತಿದ್ದಿ? ಒಂದೀಟು ಮಾತಾಡ್ತಿ, ಹಿಂದಿನ ಕೆಂಪು ದೀಪ ಹತ್ತತೈತಿ. ಮತ್ತ ಮಾತಾಡ್ತಿ, ಮತ್ತ ಹತ್ತತೈತಿ.’

ಬೇರೆ ದಾರಿ ಇರಲಿಲ್ಲ, ಹೇಳಿಬಿಟ್ಟೆ. ದೂರದ ರಸ್ತೆ, ಒಬ್ಬನೇ, ಬೇಸರ. ಅದಕ್ಕೆ ಎಲ್ಲರನ್ನೂ ಕಾರಿಗೆ ಹತ್ತಿಸಿಕೊಂಡು ಎಲ್ಲರ ಮಾತನ್ನೂ ನಾನೇ ಆಡುತ್ತೇನೆ. ನಗುತ್ತಾರೆ ಎಂದುಕೊಂಡೆ. ಅವರು ಬಾಗಿಲು ತೆರೆದು ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು, ನನ್ನ ಪಾದಗಳನ್ನು ನೋಡುತ್ತಾ, ‘ಮಾಡು’ ಎಂದರು.

ಮಾಲೀಕರನ್ನು ಮಾಡಿದೆ. ಕಾಲು ಕದಲಲಿಲ್ಲ. ಕಂಡಕ್ಟರನ್ನು ಮಾಡಿದೆ, ಮುದುಕಿಯನ್ನು ಮಾಡಿದೆ. ಏನೂ ಇಲ್ಲ. ‘ಮೆಲ್ಲಕ ಲೇ ಬಸ್ಯಾ, ಮೆಲ್ಲಕ’ ಎಂದೆ. ನನ್ನ ಎಡಗಾಲು ತಾನಾಗಿಯೇ ಎದ್ದು ಹೋಗಿ ಬ್ರೇಕಿನ ಮೇಲೆ ಕೂತಿತು, ಕೂತೇ ಇತ್ತು.

‘ಇವನ’ ಎಂದರು ಖಾಜಾಸಾಬರು. ‘ಇವನ್ನ ಇಳಸು.’

ಸ್ಕೂಟರು ಹತ್ತುವಾಗ ಇನ್ನೊಂದು ಮಾತು ಸೇರಿಸಿದರು. ಅವತ್ತಿನ ಲೆಕ್ಕ ಮೀರಿತ್ತು. ‘ಕರಕೊಂಡು ಹೋಗೋದಿದ್ರ ಖರೇನ ಕರಕೊಂಡು ಹೋಗು ತಮ್ಮಾ. ಹಿಂಗ ಹೊತ್ಕೊಂಡು ತಿರುಗಬ್ಯಾಡ.’

ಭಾನುವಾರ ಶರಣಪ್ಪನ ಅವ್ವ ಗಂಗವ್ವ ಗುಡಿಯ ಕಡೆಗೆ ಕೈ ಮುಗಿದು ಕಾರು ಹತ್ತಿದಳು. ಕುರುಗೋಡು ದಾಟುವ ಮೊದಲೇ ಕೇಳಿದಳು, ‘ನನ್ನ ಮಗನ ಹಂಗ ಮಾತಾಡ್ತೀಯಂತಲ್ಲೋ. ಮಾಡು, ಕೇಳೂಣು.’

‘ಬ್ಯಾಡವ್ವಾ. ಬ್ರೇಕ್ ಹಿಡಕೊಂತೈತಿ.’

‘ಹುಚ್ಚಾ’ ಎಂದು ನಕ್ಕಳು. ಮೊಣಕಾಲು ತಿಕ್ಕಿಕೊಳ್ಳುತ್ತಾ ತಾನೇ ಹೇಳಿದಳು. ‘ಸಣ್ಣಾಂವಿದ್ದಾಗ ಎಮ್ಮಿ ತುಳಿದಿತ್ತಪ್ಪಾ ಅವಗ. ಆರು ತಿಂಗಳು ಹಾಸಿಗಿ ಬಿಟ್ಟು ಏಳಲಿಲ್ಲ. ಯಾರ ಮುಂದೂ ಹೇಳೂದಿಲ್ಲ ಅಂವ.’

ಸಿರುಗುಪ್ಪದವರೆಗೆ ನಾನು ಯಾರ ಧ್ವನಿಯನ್ನೂ ಮಾಡಲಿಲ್ಲ. ಇಳಿದವನೇ ನಾಲ್ಕೂ ಗಾಲಿ ಮುಟ್ಟಿ ನೋಡಿದೆ. ತಣ್ಣಗಿದ್ದವು. ಬಾಗಿಲಲ್ಲಿ ನಿಂತ ಶರಣಪ್ಪ ಅವ್ವನ ಕೈ ಹಿಡಿದು, ನನ್ನತ್ತ ನೋಡದೆ ‘ಬಾ’ ಎಂದ. ಊಟಕ್ಕೆ ಕೂತಾಗ ನನ್ನ ಸಭ್ಯತೆ ನನಗೇ ಗುರುತು ಸಿಗುವಂತಿರಲಿಲ್ಲ. ಸಾರು ಬಡಿಸಿದಾಗ ‘ಸಾಕು’ ಎಂದೆ, ಕೇಳಿದ್ದಕ್ಕೆ ಹ್ಞೂಂ ಎಂದೆ, ಶರಣಪ್ಪನಿಗೇ ಒಮ್ಮೆ ‘ಇಲ್ರಿ’ ಎಂದುಬಿಟ್ಟೆ. ಅವನ ಹೆಂಡತಿ, ‘ಇವರಿಗೆ ಅರಾಮಿಲ್ಲೇನು?’ ಎಂದು ಮೆಲ್ಲಗೆ ಗಂಡನನ್ನು ಕೇಳಿದ್ದು ನನಗೂ ಕೇಳಿಸಿತು.

ಹೊರಡುವಾಗ ಕಾರಿನ ಬಳಿ ಹೇಳಿದೆ, ‘ಶರಣ್ಯಾ, ಎಮ್ಮೀದು ನನಗ ಗೊತ್ತಿರಲಿಲ್ಲ.’

ಅವನು ಒಂದು ಹೆಜ್ಜೆ ಹಿಂದೆ ಸರಿದು, ಎದೆ ಉಬ್ಬಿಸಿ, ಒಂದು ಹುಬ್ಬು ಮೇಲೇರಿಸಿ, ‘ಕೇಳ್ರಿ ಇಲ್ಲಿ, ಈಗ ಯಾರದು ಮಾಡ್ಲಿ?’ ಎಂದ. ಎಂದವನು ಅವ್ವನ ಮುಖ, ಹೆಂಡತಿಯ ಮುಖ, ನನ್ನ ಮುಖ, ಮತ್ತೆ ಅವ್ವನ ಮುಖ ಹೀಗೆ ಯಾರು ನಕ್ಕರು, ಯಾರು ಇನ್ನೂ ನಗಬೇಕು ಎಂದು ಹಸಿದವನ ಹಾಗೆ ಹುಡುಕಿದ. ಗಂಗವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಹೆಂಡತಿ ಬಾಗಿಲು ಹಿಡಿದುಕೊಂಡು ನಕ್ಕಳು.

‘ಇದ್ಯಾರಲೇ?’ ಎಂದೆ. ನಿಜಕ್ಕೂ ತಿಳಿಯದೆ ಕೇಳಿದೆ.

‘ನೀನ ಲೇ, ಮತ್ಯಾರು?’ ಎಂದು ಅವನೂ ನಕ್ಕ. ‘ಬರೂ ತಿಂಗಳು ಅವ್ವನ್ನ ವಾಪಸ್ ಬಿಡಬೇಕು. ನಾನೂ ಬರ್ತೀನಿ. ಮೆಲ್ಲಕ ಹೊಡೀಬೇಕು ಮತ್ತ.’

ಬಳ್ಳಾರಿಗೆ ಒಬ್ಬನೇ ವಾಪಸಾದೆ. ಯಾರನ್ನೂ ಹತ್ತಿಸಿಕೊಳ್ಳಲಿಲ್ಲ, ಶರಣಪ್ಪ ಮಾಡಿ ತೋರಿಸಿದ ಆ ಹೊಸಬನನ್ನು ಕಲಿಯುವುದರಲ್ಲೇ ದಾರಿ ಮುಗಿಯಿತು. ಎಷ್ಟು ಸಲ ಹೇಳಿದರೂ ಧ್ವನಿ ಕೂಡಲಿಲ್ಲ, ಹುಬ್ಬು ಏರಲಿಲ್ಲ. ಬೇಸತ್ತು, ಮುಖವಾದರೂ ಸರಿ ಬಂತೇ ಎಂದು ಕನ್ನಡಿಯಲ್ಲಿ ನೋಡಿಕೊಂಡೆ. ಕಣ್ಣುಗಳು ಮಾತ್ರ ಥೇಟ್ ಹಾಗೆಯೇ ಇದ್ದವು, ಖಾಲಿ ಹಿಂದಿನ ಸೀಟಿನಲ್ಲಿ ಯಾರಾದರೂ ನಕ್ಕರೇ ಎಂದು ಹುಡುಕುತ್ತಾ.